ಎಂಎಲ್ಎ ಇಲ್ಲದ ಊರಿನಿಂದ ಬಂದವಳು

ಎದುರು ಮನೆಯವಳು ತೀರಿಕೊಂಡು ತಿಂಗಳ ಮೇಲಾಯಿತು. ಸತ್ತವರನ್ನು ಹೊಗಳುವುದು ನನ್ನಿಂದ ಆಗುವುದಿಲ್ಲ. ಬದುಕಿದ್ದಾಗಲೂ ನಾನು ಅವಳನ್ನು ಹೊಗಳಿದವಳಲ್ಲ. ಅವಳಿಗೆ ಸೊಕ್ಕಿತ್ತು. ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕುತ್ತಿದ್ದಳು. ಅವಳು ನೇಯ್ದ ಸೀರೆಯ ಅಂಚು ಒಮ್ಮೆಯೂ ನೆಟ್ಟಗೆ ಬರಲಿಲ್ಲ. ಆದರೂ ನಲವತ್ತು ವರ್ಷ ಎದುರಿಗಿದ್ದವಳು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದ ಮುಖ ಅದು. ಈಗ ಬಾಗಿಲು ತೆಗೆದರೆ ಮೊಬೈಲು ರಿಪೇರಿ ಅಂಗಡಿಯ ಬೋರ್ಡು ಕಾಣುತ್ತದೆ.

ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಅವಳ ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವಳು ‘ಅಂಡಮಾನದಾಕಿ’. ಮೊದಮೊದಲು ಅವಳು ತಿದ್ದುತ್ತಿದ್ದಳು, “ಅಂಡಮಾನ ಅಲ್ರೀ, ಅದರ ಕೆಳಗಿನ ನಿಕೋಬಾರ.” ನಮಗೆ ಎರಡೂ ಒಂದೇ. ನರೇಗಲ್ಲಿನಿಂದ ಆಚೆ ಹೋದರೆ ನಮಗೆ ಎಲ್ಲವೂ ಪರದೇಶ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಸಮುದ್ರ ನೋಡಿಲ್ಲ, ಇನ್ನು ನೋಡುವುದೂ ಇಲ್ಲ.

ಅವಳ ಅಪ್ಪ ನಮ್ಮವನೇ, ನಮ್ಮ ಜಾತಿಯವನೇ. ಮಗ್ಗ ಬೇಡವೆಂದು ಮಿಲಿಟರಿಗೆ ಸೇರಿದ. ಪಿಂಚಣಿಗೆ ಬಂದಾಗ, ಹಳೆಯ ಸಿಪಾಯಿಗಳಿಗೆ ಸರಕಾರ ದೇಶದ ಕಟ್ಟಕಡೆಯ ದ್ವೀಪದಲ್ಲಿ ಜಮೀನು ಕೊಡುತ್ತದೆ ಎಂದು ಕೇಳಿ, ಜೊತೆಗಿದ್ದ ಮರಾಠಿ ಸಿಪಾಯಿಗಳ ಸಂಗಡ ಹೆಂಡತಿ ಮಕ್ಕಳನ್ನು ಹಡಗಿನಲ್ಲಿ ಹಾಕಿಕೊಂಡು ಹೋದ. ಆಗ ಇವಳು ಸಣ್ಣ ಹುಡುಗಿ. ಅಲ್ಲೇ ಬೆಳೆದಳು. ಮದುವೆಯ ವಯಸ್ಸು ಬಂದಾಗ ಅಪ್ಪನಿಗೆ ಜಾತಿ ನೆನಪಾಯಿತು. ಹಡಗು, ರೈಲು, ಗದಗದಿಂದ ಬಸ್ಸು ಎಂದು ಕರೆದುಕೊಂಡು ಬಂದು ನಮ್ಮ ಎದುರು ಮನೆಯ ನೇಕಾರನಿಗೆ ಕೊಟ್ಟು ಹೋದ.

ಬಂದ ಹೊಸದರಲ್ಲಿ ಅವಳ ಕನ್ನಡ ಕೇಳಿ ಓಣಿಯೆಲ್ಲ ನಗುತ್ತಿತ್ತು. ಅರ್ಧ ಹಿಂದಿ, ಅರ್ಧ ಮರಾಠಿ, ನಡುವೆ ಅಪ್ಪನಿಂದ ಕಲಿತ ನಮ್ಮ ಮಾತು. ನಮ್ಮೂರನ್ನು ಅವಳು ‘ಮೇನ್‌ಲ್ಯಾಂಡ್’ ಅನ್ನುತ್ತಿದ್ದಳು. “ಮೇನ್‌ಲ್ಯಾಂಡ್‌ನಾಗ ನೀರು ಭಾಳ ಉಪ್ಪ ಅವ” ಎಂದು ಬೋರಿನ ಮುಂದೆ ನಿಂತು ಹೇಳಿದಾಗ ನಾನು, “ಸಮುದ್ರದ ನಡುವ ಇದ್ದಾಕಿ ನೀ ಉಪ್ಪಿನ ಮಾತು ಹೇಳಬ್ಯಾಡ” ಅಂದೆ. ಅವಳು ಕೊಡ ಇಟ್ಟು ನಕ್ಕಳು. ಅಂದಿನಿಂದ ನಮ್ಮಿಬ್ಬರ ಮಾತು ಶುರುವಾಯಿತು. ನನ್ನನ್ನು ‘ಯಕ್ಕಾ’ ಅನ್ನುತ್ತಿದ್ದಳು. ಆಕೆಯ ನಾದಿನಿಯರಿಗಿಂತ ನನ್ನ ಜೊತೆ ಸಲುಗೆ ಹೆಚ್ಚಿತ್ತು, ನಾನು ಬೈದರೂ.

ಅವಳ ಹುಚ್ಚು ಒಂದೇ, ಚುನಾವಣೆ. ನಮಗೆ ಓಟೆಂದರೆ ಅರ್ಧ ದಿನದ ಕೆಲಸಕ್ಕೆ ಕುತ್ತು. ಅವಳಿಗೆ ಹಬ್ಬ. ಎಂಎಲ್ಎ ಚುನಾವಣೆ ಬಂದರೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಮೊದಲ ಸಲ ಒಬ್ಬ ಅಭ್ಯರ್ಥಿ ಓಣಿಗೆ ಬಂದು ಮನೆ ಮನೆಗೆ ಕೈಮುಗಿದಾಗ ಇವಳು ಓಡಿ ಬಂದು ನನ್ನ ತೋಳು ಹಿಡಿದಳು.

“ಯಕ್ಕಾ, ನೋಡಿದ್ಯಾ? ಬಾಗಲಿಗೆ ಬಂದು ಕೈ ಮುಗದ! ನಮಗ! ನಿಮ್ಮದೇನು ತಕರಾರ ಅಂತ ಕೇಳಿದ!”

“ಓಟ ಮುಗೀಲಿ, ಅದ ಕೈಲೆ ಕಾರಿನ ಗ್ಲಾಸ್ ಏರಸ್ತಾನ” ಅಂದೆ ನಾನು.

“ಏರಸ್ಲಿ. ನಮ್ಮ ಕಡೆ ಇಳಸಾಕ ಗ್ಲಾಸ್ ಇಲ್ಲ, ಕಾರೂ ಇಲ್ಲ, ಅಂವನೂ ಇಲ್ಲ.”

ಹಾಗೆಂದರೇನು ಎಂದು ಕೇಳಿದೆ. ಹಿತ್ತಲ ಕಟ್ಟೆಯ ಮೇಲೆ ಕೂತು ಹೇಳಿದಳು. ಆ ದ್ವೀಪಗಳಿಗೆ ವಿಧಾನಸಭೆ ಇಲ್ಲ. ಎಂಎಲ್ಎ ಇಲ್ಲ, ಮಂತ್ರಿ ಇಲ್ಲ, ಮುಖ್ಯಮಂತ್ರಿಯೂ ಇಲ್ಲ. ಅಷ್ಟೂ ದ್ವೀಪಗಳಿಗೆ ಸೇರಿ ದಿಲ್ಲಿಗೆ ಒಬ್ಬನೇ ಎಂಪಿ. ಆಳುವವರು ದಿಲ್ಲಿಯಿಂದ ನೇಮಕವಾಗಿ ಬರುವ ದೊಡ್ಡ ಸಾಹೇಬರು. ಅವರ ಕೈಕೆಳಗೆ ಸಣ್ಣ ಸಾಹೇಬರು. ಸಣ್ಣ ಸಾಹೇಬ ಊರಿನ ಹೆಸರು ಸರಿಯಾಗಿ ಕಲಿಯುವುದರೊಳಗೆ ಅವನಿಗೆ ವರ್ಗ. ಹೊಸಬನಿಗೆ ಇವಳ ಅಪ್ಪ ಮತ್ತೆ ಮೊದಲಿನಿಂದ ಹೇಳಬೇಕು: ಬಾವಿ ತೋಡಿಸಿ ಕೊಡಬೇಕು, ದವಾಖಾನೆಗೆ ಡಾಕ್ಟರು ಬೇಕು. ಅವನು ಬರೆದುಕೊಳ್ಳುತ್ತಾನೆ, ಹಡಗು ಹತ್ತುತ್ತಾನೆ.

“ನಮ್ಮಪ್ಪ ಅಂತಿದ್ದ, ಮಿಲಿಟರ್ಯಾಗೂ ಹಿಂಗ ಇತ್ತು. ಊಟಾ ಕೊಡ್ತಿದ್ರು, ಬೂಟ ಕೊಡ್ತಿದ್ರು. ಏನು ಬೇಕಂತ ಕೇಳತಿದ್ದಿಲ್ಲ. ಪಿಂಚಣಿ ಆದ ಮ್ಯಾಲೂ ಸಿಪಾಯಿ ಆಗೇ ಉಳದ್ನಿ ಅಂತಿದ್ದ.”

ನನಗೆ ಇದು ದೊಡ್ಡ ದುಃಖ ಅನ್ನಿಸಲಿಲ್ಲ. “ಎಂಎಲ್ಎ ಇದ್ದು ನಮ್ಮ ಓಣಿ ಗಟಾರ ಏನು ಬಂಗಾರ ಆಗೇತೇನು?” ಅಂದೆ.

“ಆಗಿಲ್ಲ ಯಕ್ಕಾ. ಆದ್ರ ನೀ ಬೈಯಾಕ ಒಬ್ಬ ಅದಾನ. ಹೆಸರು ಹಿಡದು ಬೈತೀ. ನಮಗ ಬೈಯಾಕ ಯಾರೂ ಇಲ್ಲ, ಸಮುದ್ರಕ್ಕ ಬೈಬೇಕು.”

ಆಮೇಲೆ ನಾನು ಎಂಎಲ್ಎಗೆ ಬೈಯುವಾಗಲೆಲ್ಲ ಅವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಭಜನೆ ಕೇಳಿದ ಹಾಗೆ.

ಗಜೇಂದ್ರಗಡ ತಾಲೂಕು ಆದಾಗ ಊರಿನಲ್ಲಿ ಪಟಾಕಿ ಹೊಡೆದರು. ಅಲ್ಲಿಯವರೆಗೆ ಒಂದು ಸಣ್ಣ ಕೆಲಸಕ್ಕೂ ರೋಣಕ್ಕೆ ಬಸ್ಸು ಹತ್ತಬೇಕಿತ್ತು. ಇವಳು ಕೈಯಲ್ಲಿ ಸಕ್ಕರೆ ಹಿಡಿದು ಬಂದಳು. “ಯಕ್ಕಾ, ಇನ್ನ ಸಾಹೇಬ ಇಲ್ಲೇ ಇರ್ತಾನೇನು? ಬರೂದು ಹೋಗೂದು ಅಲ್ಲ, ಇಲ್ಲೇ ಇರ್ತಾನ?” ಎಂದು ಮತ್ತೆ ಮತ್ತೆ ಕೇಳಿದಳು. ಹೌದು ಮಾರಾಯ್ತಿ ಎಂದು ಸಕ್ಕರೆ ತಿಂದೆ. ಅವಳ ಕಣ್ಣಲ್ಲಿ ನೀರಿತ್ತು. ಕಚೇರಿಗೆ ಯಾರಾದರೂ ಅಳುತ್ತಾರೆಯೇ?

ಇವಳ ಗಂಡ ಸಾಧು ಮನುಷ್ಯ. ಸಣ್ಣಗೆ, ಬಾಗಿದ ಬೆನ್ನು, ನೆಲದಲ್ಲಿ ಗುಂಡಿ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಪಟ್ಟೇದಂಚಿನ ಸೀರೆ ನೇಯುತ್ತಿದ್ದ. ಅವನಲ್ಲಿ ಒಂದು ವಿಚಿತ್ರ ಇತ್ತು: ಎಲ್ಲದಕ್ಕೂ ಹೆಂಡತಿಯನ್ನು ಕೇಳುತ್ತಿದ್ದ. ಸೀರೆಯ ಹಾಸು ನೂಲಿಗೆ ಯಾವ ಬಣ್ಣ ಹಾಕೋಣ, ಜೋಳ ಇಂದೇ ತರಲೋ ನಾಳೆಯೋ, ಮಗಳಿಗೆ ನರಗುಂದದ ಸಂಬಂಧ ಒಪ್ಪೋಣವೋ ಬೇಡವೋ. ಓಣಿಯ ಗಂಡಸರು ಅವನನ್ನು ಆಡಿಕೊಳ್ಳುತ್ತಿದ್ದರು, “ಹೇಂತಿನ್ನ ಕೇಳಿ ಉಸರಾಡ್ತಾನ.” ಅವನು ಲಾಳಿ ಎಸೆಯುತ್ತಲೇ, “ಹೌದ್ರಿ, ಕೇಳದ ಆಡಿದ್ರ ಉಸರ ಹತ್ತೂದಿಲ್ಲ” ಅನ್ನುತ್ತಿದ್ದ. ಅವಳು ಆ ಮನೆಯಲ್ಲಿ ನೆಮ್ಮದಿಯಿಂದ ಇದ್ದದ್ದು ಅದಕ್ಕೇ. ಅವಳಿಗೆ ನೇಯ್ಗೆ ಕಲಿಸಿದವನೂ ಅವನೇ. ಮಗ್ಗದ ಕುಣಿಯಲ್ಲಿ ಪಕ್ಕಕ್ಕೆ ಸರಿದು ಅವಳನ್ನು ಕೂರಿಸಿಕೊಂಡು ಕಲಿಸಿದ. ಅಂಚು ಸೊಟ್ಟಗಾದರೆ ಬಿಚ್ಚುತ್ತಿರಲಿಲ್ಲ. “ಇರ್ಲಿ, ಸಮುದ್ರದ ತೆರೆ ಹಂಗ ಆಗೇತಿ” ಅನ್ನುತ್ತಿದ್ದ. ನೂಲು ಕೊಟ್ಟು ನೇಯಿಸುವ ಸಾಹುಕಾರ ಆ ಸೀರೆಗಳಿಗೆ ಕೂಲಿ ಮುರಿದುಕೊಳ್ಳುತ್ತಿದ್ದ, ಅದು ಬೇರೆ.

ಅವಳ ಭಾವ, ಗಂಡನ ಅಣ್ಣ, ಮಗ್ಗ ಬಿಟ್ಟು ಬಹಳ ವರ್ಷದ ಹಿಂದೆಯೇ ರೋಣಕ್ಕೆ ಹೋಗಿ ಪೇಟೆಯಲ್ಲಿ ಬಟ್ಟೆ ಅಂಗಡಿ ಹಾಕಿದವರು. ಮನೆ ಇಬ್ಬರ ಹೆಸರಿನಲ್ಲೂ ಇತ್ತು. ಕೆಟ್ಟವರಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಸುಗ್ಗಿ ಮುಗಿದರೆ ಜೋಳದ ಚೀಲ ಕಳಿಸುವರು, ದೀಪಾವಳಿಗೆ ಸೀರೆ ಕಳಿಸುವರು. ಅವರು ಕೆಟ್ಟವರಾಗಿದ್ದರೆ ಅವಳಿಗೆ ಸುಲಭವಿತ್ತು, ಜಗಳ ಮಾಡಿ ಬಿಡುತ್ತಿದ್ದಳು.

ಭಾವ ಪ್ರತಿ ವರ್ಷ ಅಂಗಡಿಯ ಕ್ಯಾಲೆಂಡರು ಹಂಚುತ್ತಿದ್ದರು. ಒಂದು ವರ್ಷ ಅದರ ಮೇಲೆ ಭಾರತದ ನಕಾಶೆ ಮಾಡಿಸಿದ್ದರು, ಮೂರು ಬಣ್ಣದ್ದು, ಚೆಂದಾಗಿತ್ತು. ಕೆಳಗೆ ಬಲಗಡೆ ಖಾಲಿ ನೀಲಿ ಜಾಗವಿತ್ತಲ್ಲ, ಅಲ್ಲಿ ಅಂಗಡಿಯ ಹೆಸರು, ಫೋನು ನಂಬರು. ಇವಳು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ನು ತಂದು ಫೋನು ನಂಬರಿನ ಮೇಲೆ ಚುಕ್ಕಿ ಚುಕ್ಕಿ ಇಟ್ಟಳು, ಮೇಲಿನಿಂದ ಕೆಳಗೆ, ಸಾಸಿವೆ ಚೆಲ್ಲಿದ ಹಾಗೆ. ಎಲ್ಲಕ್ಕೂ ಕೆಳಗಿನ ಚುಕ್ಕಿಯನ್ನು ದೊಡ್ಡದು ಮಾಡಿದಳು.

ಭಾವ ಬಂದಾಗ ನೋಡಿ ಬೇಸರ ಮಾಡಿಕೊಂಡರು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

“ಯಾರ ಇದನ್ನ ಗೀಚಿದವರು?”

“ನಾನ ರಿ, ಭಾವಾರ. ನಿಮ್ಮ ಅಂಗಡಿ ನಮ್ಮೂರಿನ ಮ್ಯಾಲ ಕುಂತಿತ್ತು.”

“ಹೌದಲ್ಲ! ಅವು ಬಿಟ್ಟ ಹೋಗ್ಯಾವ” ಎಂದು ಅವರು ನಕ್ಕರು. “ಚುಕ್ಕಿ ಅಷ್ಟ ಅಲ್ಲೇನವಾ. ಯಾರ ನೋಡ್ತಾರ?”

“ಈ ಚುಕ್ಕ್ಯಾಗ ನಮ್ಮವ್ವನ್ನ ಹೂತೀವ್ರಿ” ಅಂದಳು.

ಭಾವನ ನಗು ನಿಂತಿತು. “ಮುಂದಿನ ವರ್ಷ ಹಾಕಸ್ತೀನಿ ಬಿಡು” ಅಂದರು. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ನಕಾಶೆಯೇ ಇರಲಿಲ್ಲ. ಯಾಕೆ ತಂಟೆಯೆಂದು ಲಕ್ಷ್ಮಿಯ ಫೋಟೋ ಹಾಕಿಸಿದ್ದರು.

ಸುನಾಮಿ ಬಂದ ವರ್ಷ ಅವಳು ಅರ್ಧ ಸತ್ತಳು. ಟಿವಿಯಲ್ಲಿ ಮದ್ರಾಸು ತೋರಿಸಿದರು, ಬೇರೆ ದೇಶಗಳನ್ನು ತೋರಿಸಿದರು, ಅವಳ ದ್ವೀಪ ತೋರಿಸಲಿಲ್ಲ. ಫೋನು ಹತ್ತಲಿಲ್ಲ. ನಮ್ಮ ಮನೆಯ ಟಿವಿಯ ಮುಂದೆ ಕೂತವಳು ಊಟಕ್ಕೆ ಏಳುತ್ತಿರಲಿಲ್ಲ. ನಾನು ರೊಟ್ಟಿ ಕೈಗೆ ಕೊಟ್ಟು, “ತಿನ್ನು, ನೀ ಉಪವಾಸ ಬಿದ್ರ ನೀರು ಇಳಿಯೂದಿಲ್ಲ” ಅಂದೆ. ತಿಂದಳು. ಕಡೆಗೆ ತಮ್ಮನ ಫೋನು ಬಂತು. ಅಪ್ಪ ಅಷ್ಟರಲ್ಲಿ ತೀರಿದ್ದ. ತಮ್ಮ, ಅವನ ಹೆಂಡತಿ, ಮಕ್ಕಳು ಗುಡ್ಡ ಹತ್ತಿ ಉಳಿದಿದ್ದರು. ಆದರೆ ನೆಲವೇ ಕೆಳಗೆ ಇಳಿದು ಹೋಗಿತ್ತಂತೆ. ಬಂದ ನೀರು ಒಂದಿಷ್ಟು ಹಿಂದೆ ಹೋಯಿತು, ಇನ್ನೊಂದಿಷ್ಟು ಅಲ್ಲೇ ನಿಂತಿತು. ಮನೆ ಇದ್ದಲ್ಲಿ, ಗದ್ದೆ ಇದ್ದಲ್ಲಿ, ಅಪ್ಪ ಅವ್ವನನ್ನು ಹೂತಲ್ಲಿ ಈಗ ಸಮುದ್ರ.

ನಾನು ಸುಮ್ಮನಿರಬೇಕಿತ್ತೇನೋ. ಆದರೆ ಕೇಳಿಯೇ ಬಿಟ್ಟೆ. “ಎಂಎಲ್ಎ ಇದ್ದಿದ್ರ ಸಮುದ್ರ ಬರ್ತಿದ್ದಿಲ್ಲೇನು?”

ಅವಳು ಸಿಟ್ಟಾಗಲಿಲ್ಲ. “ಬರ್ತಿತ್ತ ಯಕ್ಕಾ. ಆದ್ರ ನೀರು ಇಳದ ಮ್ಯಾಲೆ ಎಲ್ಲಿರ್ತೀರಿ ಅಂತ ಒಂದ ಮಾತು ಕೇಳತಿದ್ರು. ತಮ್ಮ ಹೇಳ್ದ, ತಗಡು ಕೊಟ್ಟಾರ, ಅಕ್ಕಿ ಕೊಟ್ಟಾರ, ಇಲ್ಲೇ ಇರ್ರಿ ಅಂತ ಜಾಗಾ ತೋರ್ಸ್ಯಾರ. ಸಮುದ್ರದಿಂದ ದೂರ. ಅಂವ ಮೀನು ಹಿಡಿಯಾಂವ. ಕೊಡ್ತಾರ ಯಕ್ಕಾ, ಇಲ್ಲ ಅನ್ನಬಾರ್ದು. ಕೊಡ್ತಾರ, ಕೇಳೂದಿಲ್ಲ.”

ಆ ಮಾತು ಆಮೇಲೆ ಅವಳ ಬಾಯಲ್ಲಿ ಕೂತುಬಿಟ್ಟಿತು. ಸೊಸೈಟಿಯ ಅಕ್ಕಿ ಬಂದರೂ ಅದೇ, ಭಾವನ ಜೋಳ ಬಂದರೂ ಅದೇ. ಈಚೆಗೆ ಆ ದ್ವೀಪದಲ್ಲಿ ದೊಡ್ಡ ಬಂದರು ಬರುತ್ತದೆ, ವಿಮಾನ ಇಳಿಯುತ್ತದೆ, ಮತ್ತೆ ಜಾಗ ಬಿಡಬೇಕಾದೀತು ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದೂ ಅದನ್ನೇ. “ಬಿಡಬೇಕಂತೋ, ಬಿಡೂದು ಬ್ಯಾಡಂತೋ? ಯಾರನ್ನ ಕೇಳಿದ್ರ ತಿಳೀತದ?” ಎಂದಳು. ಅವನಿಗೂ ಗೊತ್ತಿರಲಿಲ್ಲ.

ಗಂಡ ಸತ್ತದ್ದು ಮಗ್ಗದಲ್ಲೇ. ಮಧ್ಯಾಹ್ನ, ನೇಯುತ್ತ ನೇಯುತ್ತ ಮುಂದಕ್ಕೆ ಬಾಗಿದವನು ಏಳಲಿಲ್ಲ. ಅವನು ಹೋದ ಮೇಲೆ ಉಳಿದ ಅರ್ಧ ಸೀರೆಯನ್ನು ಅವಳೇ ನೇಯ್ದು ಮುಗಿಸಿದಳು. ಆ ಸೀರೆ ಎಲ್ಲಿ ಅವನ ಕೈಯಿಂದ ಅವಳ ಕೈಗೆ ಬಂತೆಂದು ಅಂಚು ನೋಡಿದರೆ ಕುರುಡರಿಗೂ ತಿಳಿಯುತ್ತಿತ್ತು. ಸಾಹುಕಾರ ಬೇಡವೆಂದ. ಅವಳು ಅದನ್ನು ಮಾರಲೂ ಇಲ್ಲ, ಉಡಲೂ ಇಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸಿದ ನೂಲು, ಮುಗಿದಾಗ ನೇಕಾರರು ಎಲ್ಲ ನೂಲನ್ನೂ ಕತ್ತರಿಸಿ ತೆಗೆಯುವುದಿಲ್ಲ. ಹಣಗಿಯೆಂದರೆ ಬಾಚಣಿಕೆಯಂಥದ್ದು, ಅದರ ಹಲ್ಲುಗಳ ಸಂದಿನಲ್ಲಿ ಹಾಸಿನ ಎಳೆಗಳೆಲ್ಲ ಹಾದಿರುತ್ತವೆ. ಆ ಎಳೆಗಳ ತುದಿಯನ್ನು ಗೇಣುದ್ದ ಬಿಟ್ಟು, ಗಂಟು ಹಾಕಿ, ಹಣಗಿಯ ಜೊತೆಗೇ ಇಡುತ್ತೇವೆ. ಹೊಸ ಹಾಸು ಬಂದಾಗ ಒಂದೊಂದು ಹಳೆಯ ತುದಿಗೆ ಒಂದೊಂದು ಹೊಸ ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಕೂಡಿಸುವುದು. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಕೆಚ್ಚಲು ಮುದುಕಿಯರೂ ಸಾಕು. ಆ ಗೇಣುದ್ದದ ನೂಲು ಎಂದೂ ಸೀರೆಯಾಗುವುದಿಲ್ಲ. ಆದರೆ ಅದು ಹೋದರೆ ಒಂದೊಂದು ಎಳೆಯನ್ನೂ ಸಂದಿಗೆ ಹೊಸದಾಗಿ ಪೋಣಿಸುತ್ತ ಬರಬೇಕು. ಇಬ್ಬರು ಬೇಕು, ಕಣ್ಣು ಬೇಕು.

ಗಂಡನ ಕೊನೆಯ ಹಾಸಿನ ತುದಿಗಳು ಹಾಗೇ ಹಣಗಿಯಲ್ಲಿದ್ದವು. ಹೊಸ ಹಾಸು ಕೆಚ್ಚಿ ನೇಯುತ್ತೇನೆ ಎಂದು ಅವಳು ಹೊರಟಿದ್ದಳು. ಅಷ್ಟರಲ್ಲಿ ಭಾವ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಪಡಸಾಲೆ ಓಣಿಯ ಮುಖಕ್ಕಿದೆ, ಮಗ್ಗ ತೆಗೆದು ಕುಣಿ ಮುಚ್ಚಿ, ಮೇಲೆ ಫರ್ಸಿಕಲ್ಲು ಹಾಸಿ, ಶಟರು ಕೂರಿಸಿದರೆ ಅಂಗಡಿಗೆ ಬಾಡಿಗೆ ಬರುತ್ತದೆ. ಬಾಡಿಗೆ ಪೂರಾ ಅವಳಿಗೇ. ಒಳಗಿನ ಕೋಣೆ, ಅಡುಗೆಮನೆ ಅವಳಿಗೆ. ಈ ವಯಸ್ಸಿನಲ್ಲಿ ದುಡಿಯುವುದು ಬೇಡ. ಇದೆಲ್ಲ ಅವಳ ಒಳ್ಳೆಯದಕ್ಕೇ. ಎಲ್ಲ ಗೊತ್ತುಮಾಡಿದ ಮೇಲೆ ಅವಳಿಗೆ ತಿಳಿಸಿದರು.

“ಬ್ಯಾಡ್ರಿ” ಅಂದಳು.

“ಬ್ಯಾಡಂದ್ರ? ಎಲ್ಲಾ ನಿನಗ ಅಲ್ಲೇನವಾ?”

“ಹೌದ್ರಿ. ನನಗ ಬ್ಯಾಡ್ರಿ.”

ನರಗುಂದದಿಂದ ಮಗಳು ಬಂದಳು. ಅವಳೂ ದೊಡ್ಡಪ್ಪನ ಕಡೆ. “ಯವ್ವಾ, ದೊಡ್ಡಪ್ಪ ಕೆಟ್ಟದ್ದೇನು ಮಾಡ್ಯಾನ? ಬಾಡಗಿ ಬರ್ತೇತಿ, ಆರಾಮ ಇರು. ನೀ ನೇಯ್ದ ಸೀರಿ ಯಾರ ಒಯ್ತಾರ?” ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ.

ರಾತ್ರಿ ಊಟ ಮುಗಿಸಿ ನನ್ನ ಹತ್ತಿರ ಬಂದು ಕೂತಳು. ಯಾಕಿಷ್ಟು ಹಟ ಎಂದು ಬೈದೆ.

“ಯಕ್ಕಾ, ಆ ಮನ್ಯಾಗ ನಾ ಕುಂತ್ರ ಯಾರೂ ಏಳಂತ ಅನ್ನದ ಜಾಗಾ ಅದೊಂದ ಐತಿ. ಅಲ್ಲೆ ಕುಂತು ನಮ್ಮನಿಯವರು ನನ್ನ ಎಲ್ಲಾ ಕೇಳ್ಯಾರ. ನಾ ಸಾಯೂತನಕ ಆ ಕುಣಿ ಮುಚ್ಚಬಾರ್ದು. ಆಮ್ಯಾಲ ಅಂಗಡಿ ಹಾಕ್ಲಿ, ಬಾವಿ ತೋಡ್ಲಿ. ಇಷ್ಟ ನನ್ನ ಮಾತು.”

ಓಣಿಯ ಗುಡಿಕಟ್ಟೆಯ ಮೇಲೆ ಹಿರಿಯರು ಸೇರಿದರು. ನಮ್ಮಲ್ಲಿ ಇಂಥ ಮಾತು ಅಲ್ಲೇ ಬಗೆಹರಿಯುವುದು. ವಿಧವೆಯಾದವಳ ಪರವಾಗಿ ಗಂಡನ ಅಣ್ಣನೋ ತಮ್ಮನೋ ಮಾತಾಡುವುದು ರೂಢಿ. ಹೆಂಗಸರು ಗುಡಿಯ ಬದಿಗೆ ನಿಲ್ಲುತ್ತೇವೆ, ಕೇಳಿಸಿಕೊಳ್ಳುತ್ತೇವೆ. ಭಾವ ಎಲ್ಲ ಹೇಳಿದರು, ನ್ಯಾಯವಾಗಿಯೇ ಹೇಳಿದರು. ಹಿರಿಯರು ತಲೆಯಾಡಿಸಿದರು. ಆಗ ಇವಳು ಬದಿಯಿಂದ ಮುಂದೆ ಬಂದು ಕಟ್ಟೆಯ ಎದುರು ನಿಂತಳು.

“ನನ್ನ ಒಂದ ಮಾತು ಕೇಳ್ರಿ.”

ಹಿರಿಯರಲ್ಲಿ ಒಬ್ಬರು ಮೆತ್ತಗೆ, “ತಂಗಿ, ನಿನ್ನ ಪರವಾಗಿ ನಿಮ್ಮ ಭಾವ ಮಾತಾಡ್ಯಾರಲ್ಲ” ಅಂದರು.

“ನನ್ನ ತಕರಾರ ಇರೂದ ಅವರ ಕೂಡ ರಿ. ಅವರ ನನ್ನ ಪರ ಹ್ಯಾಂಗ ಮಾತಾಡ್ತಾರ?”

ಗಂಡಸರು ನಕ್ಕರು. ಭಾವನೂ ನಕ್ಕರು. ನಾನೂ ನಕ್ಕೆ, ಮಾತು ಹಾಗಿತ್ತು. ಅವಳು ನಗಲಿಲ್ಲ.

“ನಾ ಬಂದ ಊರಾಗ ಎಂಎಲ್ಎ ಇದ್ದಿಲ್ರಿ. ಅಲ್ಲೆ ಯಾರೂ ಕೇಳೂದಿಲ್ಲ ಅಂತ ತಿಳದಿತ್ತು. ಇಲ್ಲೆ ಐದ ವರ್ಷಕ್ಕೊಮ್ಮೆ ಮನಿ ಬಾಗಲಿಗೆ ಬಂದು ಕೇಳ್ತಾರ. ಮನಿ ಒಳಗ ಕೇಳವಲ್ರು. ನಾ ಇರೂತನಕ ಕುಣಿ ಮುಚ್ಚಬ್ಯಾಡ್ರಿ. ಬಾಡಗಿ ಬ್ಯಾಡ, ಜ್ವಾಳ ಬ್ಯಾಡ. ಇಷ್ಟ.”

ಗಾಳಿ ಜೋರಿತ್ತು. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ತಿರುಗುವುದು ಅಲ್ಲಿಂದಲೇ ಕಾಣುತ್ತಿತ್ತು. ಹಿರಿಯರು ತಮ್ಮತಮ್ಮಲ್ಲಿ ಮಾತಾಡಿದರು. ಮೇಸ್ತ್ರಿಗೆ ಮುಂಗಡ ಆಗಿತ್ತು, ಶಟರು ಗದಗದಿಂದ ಬಂದು ಬಿದ್ದಿತ್ತು. ಕಡೆಗೆ ಹೇಳಿದರು: ಕುಣಿ ಮುಚ್ಚಲಿ, ಅಂಗಡಿ ಆಗಲಿ. ಆದರೆ ಅವಳಿಗೆ ನೇಯಬೇಕೆಂದಿದ್ದರೆ ಮಗ್ಗದ ಸಾಮಾನೆಲ್ಲ ಅವಳಿಗೇ ಕೊಡಬೇಕು, ಎಲ್ಲಿಯಾದರೂ ನೇಯ್ದುಕೊಳ್ಳಲಿ.

“ನಮ್ಮ ಮನ್ಯಾಗ ಒಂದ ಕುಣಿ ಖಾಲಿ ಐತಿ” ಅಂದೆ ನಾನು, ಬದಿಯಿಂದಲೇ. ಖಾಲಿ ಇತ್ತು. ನಮ್ಮವರು ಹೋದ ಮೇಲೆ ಅದರಲ್ಲಿ ಉಳ್ಳಾಗಡ್ಡಿ ಇಡುತ್ತಿದ್ದೆವು. ಇನ್ನೊಂದರಲ್ಲಿ ಮಗ ನೇಯುತ್ತಿದ್ದ.

ಅವಳು ನನ್ನತ್ತ ತಿರುಗಿ ನೋಡಿದಳು. ಒಪ್ಪಿದಳು. ಕುಣಿ ಹೋದರೂ ಹಣಗಿ ಬರುತ್ತದೆ, ತುದಿಗಳು ಬರುತ್ತವೆ, ಗಂಡನ ಹಾಸಿನ ತುದಿಗಳಿಗೆ ತನ್ನ ಹಾಸು ಕೆಚ್ಚಿ ಮುಂದುವರಿಸಬಹುದು. ಆ ಸಂಜೆ ಉಳ್ಳಾಗಡ್ಡಿ ತೆಗೆದು, ಕುಣಿ ಬಳಿದು ಸಾರಿಸಿದೆವು. ಅವಳು ಒಳಗಿಳಿದು ಕಾಲು ಚಾಚಿ ನೋಡಿದಳು.

“ನಿಮ್ಮವರ ಕಾಲು ಉದ್ದ ಇದ್ವೇನು?”

“ನಾಲಿಗಿನೂ ಉದ್ದ ಇತ್ತು. ಇಳದು ಕೆಲಸ ಮಾಡು” ಅಂದೆ.

ಮರುದಿನ ಭಾವ ಆಳುಗಳನ್ನು ಕರೆತಂದು ಮಗ್ಗ ಬಿಚ್ಚಿಸಿದರು. ಅವಳು ಬಾವಿಗೆ ಹೋಗಿ ಬರುವುದರೊಳಗೆ ಕೆಲಸ ಮುಗಿದಿತ್ತು. ಅವಳು ನಮ್ಮ ಮನೆಯಲ್ಲಿದ್ದಾಗ ಭಾವ ತಾವೇ ಹಣಗಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮುಖದಲ್ಲಿ ಸಂತೋಷವಿತ್ತು. ಹಣಗಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದ್ದರು, ಹೊಳೆಯುತ್ತಿತ್ತು.

“ತಗೋವಾ. ಹಳೇ ನೂಲು ಧೂಳು ಹಿಡದು ಗಬ್ಬ ಆಗಿತ್ತು. ಎಲ್ಲಾ ಕತ್ತರಿಸಿ ತಗದು ಸ್ವಚ್ಛ ಮಾಡಿ ತಂದೀನಿ. ಹೊಸದರ ಹಂಗ ಆಗೇತಿ ನೋಡು.”

ಕೆಚ್ಚುವ ತುದಿಗಳನ್ನೇ ಕತ್ತರಿಸಿ ಎಸೆದಿದ್ದರು. ನೇಕಾರನ ಮಗ. ಇದೇ ಓಣಿಯಲ್ಲಿ ಹುಟ್ಟಿದವರು, ಸಣ್ಣವರಿದ್ದಾಗ ಅವ್ವನ ಜೊತೆ ಕೂತು ಕೆಚ್ಚಿದವರು. ಮೂವತ್ತು ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮರೆತಿದ್ದರು. ನಾನು ಬಾಯಿ ತೆರೆದೆ. ಅವಳು ನನ್ನ ಕೈ ಒತ್ತಿದಳು.

ಹಣಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಹಲ್ಲುಗಳ ಸಂದಿನಲ್ಲಿ ಒಂದು ಎಳೆಯೂ ಇರಲಿಲ್ಲ. ಆಚೆಯ ಓಣಿ ಕಾಣುತ್ತಿತ್ತು.

“ಸ್ವಚ್ಛ ಆಗೇತ್ರಿ” ಅಂದಳು.

ಅವರು ಹೋದ ಮೇಲೆ ಹೇಳಿದೆ, ಪೋಣಿಸೋಣ, ನನ್ನ ಮಗನಿದ್ದಾನೆ, ಸೊಸೆಯಿದ್ದಾಳೆ, ಒಂದು ವಾರ ಹಿಡಿದೀತು. ಆಗುವ ಕೆಲಸವೇ ಅದು. ಅವಳು ಬೇಡ ಅಂದಳು.

“ನಮ್ಮನಿಯವರ ಕೈಯಿಂದ ನನ್ನ ಕೈಗೆ ಬಂದದ್ದು ಅದರಾಗ ಇತ್ತು ಯಕ್ಕಾ. ಈಗ ಅದು ಬರೇ ಹಣಗಿ. ಕತ್ತರಿಸ್ಲ್ಯಾ ಅಂತ ಒಂದ ಮಾತು ಕೇಳಿದ್ರ ಹೇಳತಿದ್ದೆ. ಬಾವಿಗೆ ಹೋಗಿದ್ದೆ, ಊರ ಬಿಟ್ಟು ಹೋಗಿದ್ದಿಲ್ಲ.”

ನನಗೆ ಸಿಟ್ಟು ಬಂತು, ಸಾರಿಸಿದ ಕುಣಿ ಹಾಗೇ ಉಳಿಯಿತಲ್ಲ ಎಂದು. ಹಟಮಾರಿ ಎಂದು ಬೈದೆ. ಅವಳು ಹಣಗಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಆಮೇಲೆ ಎಂದೂ ನೇಯಲಿಲ್ಲ.

ಕುಣಿಗೆ ಕಲ್ಲು ಮಣ್ಣು ತುಂಬಿದರು, ಫರ್ಸಿ ಹಾಕಿದರು. ಅಂಗಡಿ ಬಂತು. ತುಂಬಿದ ಮಣ್ಣನ್ನು ಸರಿಯಾಗಿ ಬಡಿದು ದಮ್ಮಸು ಮಾಡಿರಲಿಲ್ಲ, ಒಂದು ಮಳೆಗಾಲ ಕಳೆಯುವುದರೊಳಗೆ ಫರ್ಸಿ ಇಳಿಯಿತು. ಗಿರಾಕಿಗಳು ಅಲ್ಲೇ ಎಡವುತ್ತಾರೆ. ಅವಳು ಒಳಗಿನ ಬಾಗಿಲಲ್ಲಿ ಕೂತು ಆ ಇಳಿದ ಜಾಗ ನೋಡುತ್ತಿದ್ದಳು. ಕಡೆಯ ಎಂಎಲ್ಎ ಚುನಾವಣೆಗೆ ರಂಗೋಲಿ ಹಾಕಲಿಲ್ಲ. ಓಟು ಮಾತ್ರ ಹಾಕಿ ಬಂದಳು. ಬೆರಳಿನ ಮಸಿಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ಅದು ಹೋಗುವುದಿಲ್ಲ ಎಂದೆ. ಗೊತ್ತು ಅಂದಳು.

ಸಕ್ಕರೆ ಕಾಯಿಲೆ ಇತ್ತು. ಕಾಲಿನ ಹುಣ್ಣು ಮಾಯಲಿಲ್ಲ. ಭಾವ ಕಾರು ತಂದು ಗದಗಿನ ದೊಡ್ಡ ದವಾಖಾನೆಗೆ ಹಾಕಿದರು, ಒಳ್ಳೆಯ ಕೋಣೆ ಮಾಡಿಸಿದರು. ನಾನು ನೋಡಲು ಹೋದಾಗ, “ಮನಿಗೆ ಹೋಗ್ತೀನಿ ಅಂತ ಹೇಳು ಯಕ್ಕಾ” ಅಂದಳು. “ನಿನ್ನ ಬಾಯಿಲೆ ನೀ ಹೇಳು” ಅಂದೆ. “ಹೇಳೀನಿ” ಅಂದಳು. ಅಲ್ಲೇ ಹೋದಳು.

ಅವಳನ್ನು ಮಣ್ಣು ಮಾಡಿದ್ದು ಅಚ್ಚುಕಟ್ಟಾಗಿ ಆಯಿತು. ದ್ವೀಪದ ತಮ್ಮನಿಗೆ ನನ್ನ ಮಗ ಫೋನು ಮಾಡಿದ. ಹಡಗು ಯಾವಾಗ ಬರುತ್ತದೆಂದು ತಿಳಿಯದು, ಬಂದರೂ ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತದೆ ಎಂದು ಅವನು ಅತ್ತ.

ಮಂದಿಗೆ ಊಟ ಹಾಕುವ ದಿನದ ಹಿಂದಿನ ಸಂಜೆ ಭಾವ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತರು. ಚಹಾ ಕೊಟ್ಟೆ. ಮುದುಕರಾಗಿದ್ದಾರೆ, ಕಣ್ಣು ಕೆಂಪಾಗಿದ್ದವು, ನಿಜವಾಗಿಯೂ ಅತ್ತಿದ್ದರು.

“ವೈನಿ, ಆಕಿಗೆ ಕಡೀಕ ಏನರ ಆಶಾ ಇತ್ತೇನ್ರಿ? ನಿಮ್ಮ ಮುಂದ ಏನರ ಹೇಳಿದ್ದಳೇನು? ಏನಿದ್ರೂ ಹೇಳ್ರಿ, ಮಾಡಸ್ತೀನಿ.”

“ನನ್ನನ್ನ ಯಾಕ ಕೇಳ್ತೀರಿ?”

“ಇನ್ನ ಯಾರನ್ನ ಕೇಳ್ಲ್ರಿ ಈಗ?”

“ಆಕಿ ಪರವಾಗಿ ನಾ ಏನೂ ಹೇಳೂದಿಲ್ಲ. ಆಕಿ ತಾನ ಹೇಳಿದ್ದಳು. ಗುಡಿಕಟ್ಟಿ ಮುಂದ ನಿಂತು ಹೇಳಿದ್ದಳು. ನೀವೂ ಅಲ್ಲೇ ಕುಂತಿದ್ರಿ.”

ಅವರು ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟರು. ಚಹಾ ಹಾಗೇ ಉಳಿದಿತ್ತು. ಆಮೇಲೆ ಎದ್ದು ಓಣಿ ದಾಟಿ ಅಂಗಡಿಯೊಳಗೆ ಕಾಲಿಟ್ಟರು, ಇಳಿದ ಫರ್ಸಿಯ ಮೇಲೆ ಎಡವಿದರು. ನಿಂತು ಕೆಳಗೆ ನೋಡಿದರು.

“ಇದನ್ನ ಕಿತ್ತಿಸಿ, ಇನ್ನಷ್ಟ ಮಣ್ಣ ತುಂಬ್ಸಿ, ಚಲೋ ಫರ್ಸಿ ಹಾಕಸ್ತೀನಿ” ಎಂದು ಅಂಗಡಿಯವನಿಗೆ ಹೇಳಿದ್ದು ನನಗೆ ಇಲ್ಲಿಗೇ ಕೇಳಿಸಿತು.

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಕಾರು ಹತ್ತಿದ್ದರು.